ಬೋಲ್ಟ್ ಎಷ್ಟು ಬಿಗಿ ಮಾಡಿದರೆ ಸಾಕು? ಮನೆಯಲ್ಲೇ ಕಾರು ರಿಪೇರಿ ಮಾಡುವವರಿಗೆ

ಎರಡು ಮಳೆಗಾಲದ ಹಿಂದಿನ ಮಾತು. ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗುತ್ತಿದ್ದೆವು. ರಾತ್ರಿ ಒಂಬತ್ತು ದಾಟಿತ್ತು, ಜಿಟಿಜಿಟಿ ಮಳೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು ಇಬ್ಬರೂ ನಿದ್ದೆಯಲ್ಲಿದ್ದರು. ಎಡಗಡೆ ಹಿಂದಿನ ಟೈರ್ ಪಂಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ವೀಲ್ ಪಾನ ಇತ್ತು. ಹದಿನೈದು ನಿಮಿಷದ ಕೆಲಸ ಅಂದುಕೊಂಡು ಕೂತೆ.

ಮೊದಲ ನಟ್ ಅಲ್ಲಾಡಲಿಲ್ಲ. ಕೈಯಲ್ಲಿ ಆಗದೆ ಪಾನದ ಮೇಲೆ ಕಾಲಿಟ್ಟು ಒತ್ತಿದೆ. ಕಿರ್ ಅಂತ ಸದ್ದು ಮಾಡಿ ಬಂತು. ಎರಡನೆಯದಕ್ಕೂ ಹಾಗೇ ಮಾಡಿದೆ. ಈ ಸಲ ‘ಠಣ್’ ಅಂತು, ಪಾನ ಜಾರಿ ಕೆಳಗೆ ಬಿತ್ತು. ಟಾರ್ಚ್ ಹಿಡಿದು ನೋಡಿದರೆ ನಟ್ಟಿನ ಜೊತೆ ಅರ್ಧ ಸ್ಟಡ್ಡೂ (ಚಕ್ರದ ತೂತಿನಿಂದ ಹೊರಚಾಚಿ ನಟ್ ಹಿಡಿಯುವ ಕಂಬಿ) ಬಂದಿತ್ತು. ಮುರಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಸ್ಟಡ್ಡಿನ ಸೊಂಟ ಸಣ್ಣಗಾಗಿತ್ತು, ಎಳೆದ ಚೂಯಿಂಗ್ ಗಮ್ಮಿನ ಹಾಗೆ.

ಒಂದು ವಾರದ ಹಿಂದಷ್ಟೇ ಒಂದು ಅಂಗಡಿಯಲ್ಲಿ ಟೈರ್ ಬದಲಾಯಿಸಿದ್ದೆವು. ಗಾಳಿ ಗನ್ನಿನಲ್ಲಿ ಟರ್‌ರ್‌ರ್ ಅಂತ ನಟ್ ಕೂರಿಸಿದ್ದರು. ‘ಒಳ್ಳೇ ಟೈಟ್ ಮಾಡಿದೀವಿ ಸಾರ್’ ಅಂದಾಗ ನನಗೂ ಸಮಾಧಾನವಾಗಿತ್ತು. ಆ ರಾತ್ರಿ ಮೂರು ನಟ್ಟಿನಲ್ಲಿ ಸೈಕಲ್ ವೇಗದಲ್ಲಿ ಉಜಿರೆ ಮುಟ್ಟಿದೆವು. ಜಾಸ್ತಿ ಬಿಗಿ ಅಂದರೆ ಜಾಸ್ತಿ ಭದ್ರ ಅನ್ನುವ ನಂಬಿಕೆ ಅವತ್ತು ಹೋಯಿತು. ಆಮೇಲೆ ಕಲಿತದ್ದನ್ನು, ಕೈಯಾರೆ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಬೋಲ್ಟ್ ಒಳಗೆ ಏನಾಗುತ್ತದೆ

ಬೋಲ್ಟ್ ಒಂದು ಸ್ಪ್ರಿಂಗ್. ನೋಡಲು ಕಲ್ಲಿನ ಹಾಗಿದ್ದರೂ ಬಿಗಿ ಮಾಡುವಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟ್ ವಾಪಸ್ ಕುಗ್ಗಲು ನೋಡುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಒಂದು ಮಿತಿ ದಾಟಿದರೆ ರಬ್ಬರ್ ಬ್ಯಾಂಡ್ ಜೋಲು ಬಿದ್ದ ಹಾಗೆ, ಅದು ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಹಿಡಿತವೂ ಹೋಗುತ್ತದೆ.

ಬೋಲ್ಟಿನ ತಲೆ ಮೇಲೆ 8.8 ಅಂತ ಇರುತ್ತದೆ, ಗಮನಿಸಿದ್ದೀರಾ? ಮೊದಲ 8 ಅಂದರೆ ಅದು ತಡೆಯುವ ಎಳೆತ 800 ಮೆಗಾಪ್ಯಾಸ್ಕಲ್. ಚುಕ್ಕಿಯ ನಂತರದ 8 ಅಂದರೆ, ಅದರ ಶೇ. 80 ಮುಟ್ಟಿದ ಕೂಡಲೇ ಬೋಲ್ಟ್ ಶಾಶ್ವತವಾಗಿ ಉದ್ದವಾಗಲು ಶುರು. 10.9 ಬೋಲ್ಟ್ ಇನ್ನೂ ಗಟ್ಟಿ. ಹಾಗಾಗಿ ಕಳೆದುಹೋದ 10.9 ಬೋಲ್ಟ್ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯ ಸಾದಾ ಬೋಲ್ಟ್ ತಂದು ಹಾಕಬೇಡಿ.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ನಾವು ಪಾನದ ಮೇಲೆ ಹಾಕುವ ಶ್ರಮದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ನೂರರಲ್ಲಿ ಇನ್ನೊಂದು ನಲವತ್ತು ಭಾಗ ಥ್ರೆಡ್ಡಿನ, ಅಂದರೆ ಬೋಲ್ಟಿನ ಸುರುಳಿ ಗೆರೆಗಳ ಉಜ್ಜಾಟಕ್ಕೆ. ನಿಜವಾಗಿ ಬೋಲ್ಟನ್ನು ಎಳೆಯುವುದು ಉಳಿದ ಹತ್ತೇ ಭಾಗ. ಈಗ ಥ್ರೆಡ್ಡಿಗೆ ಎಣ್ಣೆಯೋ ಗ್ರೀಸೋ ಹಚ್ಚಿದರೆ? ಉಜ್ಜಾಟ ಕಮ್ಮಿಯಾಗಿ ಆ ಶ್ರಮವೆಲ್ಲ ಎಳೆತಕ್ಕೆ ಸೇರುತ್ತದೆ. ಅಷ್ಟೇ ಬಿಗಿ ಮಾಡಿದ್ದೀರಿ ಅನಿಸುತ್ತದೆ, ಒಳಗೆ ಬೋಲ್ಟ್ ಎಷ್ಟೋ ಜಾಸ್ತಿ ಹಿಗ್ಗಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ಎಣ್ಣೆ ಹಚ್ಚಿ ಅಂತ ಹೇಳದೇ ಇದ್ದರೆ ಅಲ್ಲಿರುವ ಅಂಕಿ ಒಣ ಥ್ರೆಡ್ಡಿಗೆ ಅಂತಲೇ ತಿಳಿಯಿರಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ತುಕ್ಕಿನ ಭಯಕ್ಕೆ ವೀಲ್ ಸ್ಟಡ್ಡಿಗೆ ಗ್ರೀಸ್ ಬಳಿಯುವುದು ಉಂಟು. ಅದರ ಬದಲು ವೈರ್ ಬ್ರಷ್ಷಿನಲ್ಲಿ ಥ್ರೆಡ್ ಉಜ್ಜಿ ಒರೆಸಿ. ಗ್ರೀಸ್ ಬೇಕೇ ಬೇಕು ಅಂದರೆ ಚಕ್ರದ ನಡುವಿನ ತೂತು ಕೂರುವ ಹಬ್ಬಿನ ಅಂಚಿಗೆ ತೆಳ್ಳಗೆ ಸವರಿ, ಸಾಕು.

ಮೊದಲು ಅಂಕಿ ಹುಡುಕಿ

ಬಿಗಿಯನ್ನು ಅಳೆಯುವುದು ನ್ಯೂಟನ್ ಮೀಟರ್‌ನಲ್ಲಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕೊನೇ ಪಕ್ಷ ವೀಲ್ ನಟ್ಟಿನ ಅಂಕಿ ಇರುತ್ತದೆ. ಉಳಿದವು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ಒಂದು ಅಂದಾಜಿಗೆ ಹೇಳುವುದಾದರೆ, ನಮ್ಮ ಚಿಕ್ಕ ಕಾರುಗಳ ವೀಲ್ ನಟ್ಟಿಗೆ 85ರಿಂದ 120ರ ಆಸುಪಾಸು. ಹಳೇ ಎಂಜಿನ್ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಪ್ಲಗ್ಗಿಗೆ ಸಾಮಾನ್ಯವಾಗಿ 30ರಿಂದ 45. ಅಲ್ಯೂಮಿನಿಯಂ ಹೆಡ್ಡಿನಲ್ಲಿ (ಎಂಜಿನ್ನಿನ ಮೇಲಿನ ಭಾಗ) ಕೂರುವ 14 ಮಿ.ಮೀ. ಸ್ಪಾರ್ಕ್ ಪ್ಲಗ್ಗಿಗೆ 25ರ ಹತ್ತಿರ, 12 ಮಿ.ಮೀ. ಪ್ಲಗ್ಗಿಗೆ 15ರಿಂದ 20. 10 ನಂಬರ್ ಪಾನ ಹಿಡಿಯುವ ಸಣ್ಣ ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ ಬರೀ 10. ಇವು ಅಂದಾಜು ಮಾತ್ರ, ನಿಮ್ಮ ಕಾರಿನ ಅಂಕಿಯನ್ನೇ ಹುಡುಕಿ ಬರೆದಿಟ್ಟುಕೊಳ್ಳಿ. ನಾನು ಬಾನೆಟ್ಟಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ.

10 ನ್ಯೂಟನ್ ಮೀಟರ್ ಅಂದರೆ ಎಷ್ಟು? 14 ಸೆಂ.ಮೀ. ಉದ್ದದ ಪಾನದ ತುದಿಯಲ್ಲಿ ಸುಮಾರು 7 ಕೆ.ಜಿ. ಒತ್ತಡ. ಮಣಿಕಟ್ಟಿನ ಶಕ್ತಿ ಸಾಕು, ತೋಳು ಬೇಡ. 10 ನಂಬರ್ ಪಾನ ಅಷ್ಟು ಗಿಡ್ಡವಾಗಿರುವುದೂ ಅದಕ್ಕೇ. ಅದಕ್ಕೆ ಪೈಪ್ ಸಿಕ್ಕಿಸಿ ಉದ್ದ ಮಾಡಿದರೆ ಬೋಲ್ಟ್ ಮುರಿಯುವುದು ಖಂಡಿತ.

ವೀಲ್ ನಟ್ಟಿನ ಲೆಕ್ಕವನ್ನೂ ನೋಡಿ. 30 ಸೆಂ.ಮೀ. ಪಾನದಲ್ಲಿ 85 ಬರಬೇಕಾದರೆ ತುದಿಯಲ್ಲಿ 29 ಕೆ.ಜಿ. ಒತ್ತಿದರೆ ಆಯಿತು. 65 ಕೆ.ಜಿ. ತೂಕದವರು ಅದರ ಮೇಲೆ ನಿಂತರೆ 190 ದಾಟುತ್ತದೆ, ಅಂದರೆ ಎರಡು ಪಟ್ಟಿಗೂ ಜಾಸ್ತಿ. ಬಿಗಿ ಮಾಡುವಾಗ ಪಾನದ ಮೇಲೆ ಹತ್ತಿ ನಿಲ್ಲಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದೇ ಲೆಕ್ಕ ಹಿಡಿದು.

ಟಾರ್ಕ್ ರೆಂಚ್ ಬಳಸುವ ಕ್ರಮ

ಕೂರಿಸಿದ ಅಂಕಿಯಷ್ಟು ಬಿಗಿಯಾದ ಕೂಡಲೇ ತಿಳಿಸುವ ಪಾನವೇ ಟಾರ್ಕ್ ರೆಂಚ್. ಒಂದೇ ಕೊಳ್ಳುವುದಾದರೆ 40ರಿಂದ 200 ನ್ಯೂಟನ್ ಮೀಟರ್ ತೋರಿಸುವ, ಸಾಕೆಟ್ ಸಿಕ್ಕಿಸುವ ತುದಿ ಅರ್ಧ ಇಂಚಿನದಾದ ಕ್ಲಿಕ್ ರೆಂಚ್ ಕೊಳ್ಳಿ, ಚಕ್ರಕ್ಕೆ ಅದೇ ಬೇಕು. ಸ್ಪಾರ್ಕ್ ಪ್ಲಗ್, ಸಣ್ಣ ಬೋಲ್ಟ್ ಎಲ್ಲ ನೀವೇ ಮಾಡುವವರಾದರೆ 5ರಿಂದ 25ರ ಕಾಲು ಇಂಚಿನದು ಇನ್ನೊಂದು. ದೊಡ್ಡ ರೆಂಚಿನಲ್ಲಿ ಸಣ್ಣ ಅಂಕಿ ಅಳೆಯಬೇಡಿ. ಯಾವುದೇ ರೆಂಚು ತನ್ನ ಅಳತೆಯ ಕೆಳಗಿನ ಐದನೇ ಒಂದು ಭಾಗದಲ್ಲಿ ನಂಬಿಕೆಗೆ ಅರ್ಹವಲ್ಲ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಕಡೆ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಬಹುದು.

ಹಿಡಿಯ ತುದಿಯ ಲಾಕ್ ಬಿಚ್ಚಿ, ಹಿಡಿ ತಿರುಗಿಸಿ ಅಂಕಿ ಕೂರಿಸಿ, ಮತ್ತೆ ಲಾಕ್ ಮಾಡಿ. ರೆಂಚಿನ ಮೇಲೆ ಎರಡು ಬಗೆಯ ಗೆರೆ ಇರುತ್ತವೆ, ಒಂದು ನ್ಯೂಟನ್ ಮೀಟರ್, ಇನ್ನೊಂದು ಫುಟ್ ಪೌಂಡ್. ಇಲ್ಲಿ ಎಡವುವವರು ಬಹಳ. ಒಂದು ಫುಟ್ ಪೌಂಡ್ ಅಂದರೆ 1.36 ನ್ಯೂಟನ್ ಮೀಟರ್. 25 ನ್ಯೂಟನ್ ಮೀಟರ್ ಬೇಕಾದ ಪ್ಲಗ್ಗಿಗೆ 25 ಫುಟ್ ಪೌಂಡ್ ಕೂರಿಸಿದರೆ 34 ಬೀಳುತ್ತದೆ. ಕೆಲವು ಪುಸ್ತಕಗಳಲ್ಲಿ ಕೆ.ಜಿ. ಮೀಟರ್ ಲೆಕ್ಕ ಇರುತ್ತದೆ, ಅದನ್ನು 9.8ರಿಂದ ಗುಣಿಸಿ.

ಹಿಡಿಯ ನಡುವೆ ಕೈಯಿಟ್ಟು ನಿಧಾನವಾಗಿ ಎಳೆಯಿರಿ. ಒಂದು ಸಲ ‘ಟಕ್’ ಅಂದ ಕೂಡಲೇ ನಿಲ್ಲಿಸಿ. ಇರಲಿ ಅಂತ ಇನ್ನೆರಡು ಸಲ ಟಕ್ ಅನ್ನಿಸುವವರಿದ್ದಾರೆ. ಪ್ರತಿ ಟಕ್ಕಿಗೂ ಬೋಲ್ಟ್ ಸ್ವಲ್ಪ ಮುಂದೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಅತಿ ಕೆಳಗಿನ ಅಂಕಿಗೆ ತಂದಿಡಿ, ಒಳಗಿನ ಸ್ಪ್ರಿಂಗ್ ಬಾಳುತ್ತದೆ. ಇದರಲ್ಲಿ ಯಾವತ್ತೂ ಬೋಲ್ಟ್ ಬಿಚ್ಚಬೇಡಿ.

ರೆಂಚ್ ಇಲ್ಲದಾಗ ಕೈ ಏನು ಹೇಳುತ್ತದೆ

ಕಿವಿ ಓಲೆಯ ತಿರುಪು ಹಾಕುವಾಗ ಯಾರೂ ಇಕ್ಕಳ ತರುವುದಿಲ್ಲ ಅಲ್ವಾ? ಬೆರಳಿನಲ್ಲಿ ತಿರುಗಿಸುತ್ತಾರೆ, ಕೂತಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಬೋಲ್ಟೂ ಹಾಗೇ ಮಾತಾಡುತ್ತದೆ.

ಮೊದಲು ಬರೀ ಬೆರಳಿನಲ್ಲಿ ಶುರು ಮಾಡಿ, ಪಾನ ದೂರ ಇಡಿ. ಬೋಲ್ಟನ್ನು ತೂತಿಗೆ ಇಟ್ಟು ಸುಮ್ನೆ ಹಿಂದಕ್ಕೆ, ಎಡಕ್ಕೆ ತಿರುಗಿಸಿ. ಒಂದು ಕಡೆ ‘ಟಿಕ್’ ಅಂತ ಸಣ್ಣಗೆ ಕೆಳಗಿಳಿಯುತ್ತದೆ. ಥ್ರೆಡ್ಡಿಗೆ ಥ್ರೆಡ್ ಸಿಕ್ಕಿದ್ದು ಅಲ್ಲೇ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ನಾಲ್ಕೈದು ಸುತ್ತು ಬೆರಳಿನಲ್ಲೇ ಓಡಬೇಕು. ಎರಡನೇ ಸುತ್ತಿಗೇ ಗಟ್ಟಿಯಾದರೆ ಅಡ್ಡ ಹತ್ತಿದೆ ಅಂತಲೇ ಅರ್ಥ, ಬಿಚ್ಚಿ ಮತ್ತೆ ಶುರು ಮಾಡಿ. ಇಲ್ಲಿ ಪಾನ ಹಾಕಿದರೆ ಥ್ರೆಡ್ ಹೋಯಿತು.

ತಲೆ ಕೂತ ಮೇಲೆ ಪಾನ ಹಿಡಿಯಿರಿ. ಈಗ ಪ್ರತಿ ಸಣ್ಣ ತಿರುವಿಗೂ ಬಿಗಿ ಏರುತ್ತ ಹೋಗುತ್ತದೆ. ಏರುತ್ತಿರುವುದು ಸರಿಯಾದ ಲಕ್ಷಣ. ಏರುತ್ತಿದ್ದ ಬಿಗಿ ಇದ್ದಕ್ಕಿದ್ದಂತೆ ನಿಂತು ಪಾನ ಮೆತ್ತಗೆ, ಬೆಣ್ಣೆಯಲ್ಲಿ ಚಮಚ ಆಡಿಸಿದ ಹಾಗೆ ಹೋಗತೊಡಗಿತೋ, ಆ ಕ್ಷಣ ಕೈ ತೆಗೆಯಿರಿ. ಬೋಲ್ಟ್ ಹಿಗ್ಗುತ್ತಿದೆ, ಇಲ್ಲವೇ ಒಳಗಿನ ಥ್ರೆಡ್ ಕಿತ್ತು ಬರುತ್ತಿದೆ. ಇನ್ನೊಂದು ಕಾಲು ಸುತ್ತು ಬಿಗಿ ಮಾಡಿದರೆ ಸರಿಹೋಗಬಹುದು ಅಂತ ಮನಸ್ಸು ಹೇಳುತ್ತದೆ. ಕೇಳಬೇಡಿ.

ಪದೇ ಪದೇ ಕೆಡುವ ನಾಲ್ಕು ಜಾಗ

ಡ್ರೈನ್ ಪ್ಲಗ್: ಆಯಿಲ್ ಹನಿ ಹನಿ ಜಿನುಗುತ್ತದೆ ಅಂತ ಇದನ್ನು ಬಿಗಿ ಮಾಡುತ್ತಲೇ ಹೋಗುವವರು ಬಹಳ. ಜಿನುಗುವುದು ಹೆಚ್ಚಾಗಿ ಹಳೇ ವಾಷರ್‌ನಿಂದ. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಂದು ಸಲ ಜಜ್ಜಿ ಕೂತರೆ ಅದರ ಕೆಲಸ ಮುಗಿಯಿತು. ಪ್ರತಿ ಆಯಿಲ್ ಚೇಂಜಿಗೂ ಹೊಸದು ಹಾಕಿ. ಕೆಲವೇ ರೂಪಾಯಿಯ ವಾಷರ್ ಉಳಿಸಲು ಹೋಗಿ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಥ್ರೆಡ್ ಕಳೆದುಕೊಂಡವರನ್ನು ನೋಡಿ ಹೊಟ್ಟೆ ಉರಿದಿದೆ.

ಆಯಿಲ್ ಫಿಲ್ಟರ್: ಡಬ್ಬಿ ಆಕಾರದ ಫಿಲ್ಟರಿಗೆ ಪಾನ ಬೇಡವೇ ಬೇಡ. ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು, ಫಿಲ್ಟರ್ ಮೇಲೇ ಎಷ್ಟು ಅಂತ ಬರೆದಿರುತ್ತದೆ. ಹಳೆಯ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯಾ ನೋಡಲು ಮರೆಯಬೇಡಿ.

ಸ್ಪಾರ್ಕ್ ಪ್ಲಗ್: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಬಿಸಿ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಥ್ರೆಡ್ ಜೊತೆಗೇ ಕಿತ್ತುಬರುತ್ತದೆ. ಹಾಕುವಾಗ ತುಂಡು ರಬ್ಬರ್ ಹೋಸ್ ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ ಅದರಲ್ಲೇ ತಿರುಗಿಸಿ. ಅಡ್ಡ ಹತ್ತಿದರೆ ಹೋಸ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. 14 ಮಿ.ಮೀ.ನ ವಾಷರ್ ಇರುವ ಹೊಸ ಪ್ಲಗ್ಗಾದರೆ ಕೈಯಲ್ಲಿ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು. ಅದೇ ಹಳೇ ಪ್ಲಗ್ಗನ್ನು ವಾಪಸ್ ಹಾಕುತ್ತಿದ್ದರೆ ವಾಷರ್ ಆಗಲೇ ಜಜ್ಜಿರುತ್ತದೆ. ಹನ್ನೆರಡನೇ ಒಂದು ಸುತ್ತು ಸಾಕು, ಅಂದರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದರವರೆಗೆ. ಹೊಸ ಪ್ಲಗ್ಗಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಲೇಪನ ಇರುತ್ತದೆ, ಗ್ರೀಸ್ ಹಚ್ಚಬೇಡಿ.

ಚಕ್ರ: ನಟ್ ಎಲ್ಲವನ್ನೂ ಬೆರಳಿನಲ್ಲಿ ಹಾಕಿ. ಜಾಕಿನಲ್ಲಿರುವಾಗ ಹಗುರಾಗಿ ಬಿಗಿ ಮಾಡಿ. ಚಕ್ರ ನೆಲಕ್ಕೆ ಇಳಿದ ಮೇಲೆ ಪೂರ್ತಿ ಬಿಗಿ. ನಾಲ್ಕು ನಟ್ ಇದ್ದರೆ ಎದುರುಬದುರು, ಐದಿದ್ದರೆ ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ಒಂದನ್ನೇ ಪೂರ್ತಿ ಬಿಗಿ ಮಾಡಿ ಪಕ್ಕದ್ದಕ್ಕೆ ಹೋದರೆ ಚಕ್ರ ಓರೆ ಕೂರುತ್ತದೆ. ನಟ್ಟುಗಳ ಬಿಗಿ ಹೆಚ್ಚುಕಮ್ಮಿಯಾದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿ, ಬ್ರೇಕ್ ಹಾಕುವಾಗ ಸ್ಟೀರಿಂಗ್ ನಡುಗುವುದೂ ಇದೆ.

ಆಗಲೇ ಜಾಸ್ತಿ ಬಿಗಿಯಾಗಿದ್ದರೆ

ಬೋಲ್ಟ್ ಬರುತ್ತಿಲ್ಲ ಅಂದರೆ ಮೊದಲು ಕೇಳಿಕೊಳ್ಳಿ, ಇದು ತುಕ್ಕೋ, ಅತಿ ಬಿಗಿಯೋ? ತುಕ್ಕಾದರೆ ಡಬ್ಲ್ಯೂಡಿ-40ರಂಥ ಎಣ್ಣೆ ಸ್ಪ್ರೇ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಕೊಡಿ, ತುಕ್ಕಿನ ಅಂಟು ಬಿಡುತ್ತದೆ. ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿ, ಆಮೇಲೆ ಎಡಕ್ಕೆ. ಅತಿ ಬಿಗಿಯ ಬೋಲ್ಟಿಗೆ ಮಾತ್ರ ಬಲಕ್ಕೆ ತಿರುಗಿಸುವ ಉಪಾಯ ಬೇಡ, ಆಗಲೇ ಹಿಗ್ಗಿರುವುದು ಮುರಿದೇ ಹೋಗುತ್ತದೆ. ಅದಕ್ಕೆ ಬೇಕಾದದ್ದು ಆರು ಮೂಲೆಯ ಸಾಕೆಟ್, ಉದ್ದದ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಗಟ್ಟಿ ಹಿಡಿ), ನಿಧಾನವಾದ ಎಳೆತ. ಹನ್ನೆರಡು ಮೂಲೆಯ ಸಾಕೆಟ್ ಬೋಲ್ಟಿನ ತುದಿ ಅಂಚನ್ನಷ್ಟೇ ಹಿಡಿದು ಸವೆಸುತ್ತದೆ. ಜರ್ಕ್ ಕೊಡಬೇಡಿ. ಕಾರು ಜಾಕಿನ ಮೇಲಿದ್ದರೆ ಈ ಕೆಲಸಕ್ಕೆ ಕೈಯೇ ಹಾಕಬೇಡಿ. ವೀಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು.

ಅಲ್ಯೂಮಿನಿಯಂ ಒಳಗೆ ಸಿಕ್ಕಿಕೊಂಡ ಸ್ಟೀಲ್ ಬೋಲ್ಟಿಗೆ ಬಿಸಿ ಒಳ್ಳೆಯ ಉಪಾಯ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ ಹಿಡಿದರೆ ತೂತು ಹಿಗ್ಗಿ ಬೋಲ್ಟ್ ಬಿಡುತ್ತದೆ. ಪೆಟ್ರೋಲ್ ಪೈಪ್, ಬ್ರೇಕ್ ಹೋಸ್, ಆಗಷ್ಟೇ ಸ್ಪ್ರೇ ಮಾಡಿದ ಎಣ್ಣೆ ಹತ್ತಿರ ಇದ್ದರೆ ಮಾತ್ರ ಬಿಸಿಯ ಯೋಚನೆಯೇ ಬೇಡ.

ತಲೆ ಸವೆದು ಗುಂಡಗಾಗಿದ್ದರೆ ಒಂದು ಸೈಜ್ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಬಿಚ್ಚುವ ಕಡೆ ತಿರುಗಿಸಿದಷ್ಟೂ ಬಿಗಿಯಾಗಿ ಕಚ್ಚುತ್ತದೆ. ವೈಸ್ ಗ್ರಿಪ್ (ಹಿಡಿದಲ್ಲೇ ಲಾಕ್ ಆಗುವ ಇಕ್ಕಳ) ಹಾಕುವುದಾದರೆ ಮೊದಲ ಸಲವೇ ಗಟ್ಟಿಯಾಗಿ ಹಿಡಿಸಿ. ಪದೇ ಪದೇ ಜಾರಿದರೆ ಹಿಡಿಯಲು ಲೋಹವೇ ಉಳಿಯುವುದಿಲ್ಲ.

ತಲೆ ಮುರಿದು ಸ್ವಲ್ಪ ಚೂರು ಹೊರಗೆ ಉಳಿದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ವೈಸ್ ಗ್ರಿಪ್ಪಿನಲ್ಲಿ ಬರಬಹುದು. ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯವರು ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡುತ್ತಾರೆ, ಆ ಬಿಸಿಗೇ ಅರ್ಧ ಸಡಿಲವಾಗಿರುತ್ತದೆ. ವೆಲ್ಡಿಂಗ್ ಮುಂಚೆ ಬ್ಯಾಟರಿ ಕಳಚಲು ಹೇಳಿ. ಮಟ್ಟಕ್ಕೇ ಮುರಿದಿದ್ದರೆ ಸರಿಯಾಗಿ ನಡುವೆ ಸೆಂಟರ್ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಶುರು ಮಾಡಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಿ. ಎಷ್ಟೋ ಸಲ ಡ್ರಿಲ್ ಮಾಡುವಾಗಲೇ ಚೂರು ತಿರುಗಿ ಹೊರಗೆ ಬರುತ್ತದೆ. ಬರದಿದ್ದರೆ, ಕೊರೆದ ತೂತಿನೊಳಗೆ ಕಚ್ಚಿ ಚೂರನ್ನು ತಿರುಗಿಸಿ ತೆಗೆಯುವ ಸ್ಟಡ್ ಎಕ್ಸ್‌ಟ್ರಾಕ್ಟರ್. ಅದು ಬಹಳ ಗಡಸು ಲೋಹ, ಒಳಗೇ ಮುರಿದರೆ ಸಾದಾ ಡ್ರಿಲ್ ಅದನ್ನು ಕೊರೆಯುವುದಿಲ್ಲ. ಎಂ6, ಎಂ8 ಬೋಲ್ಟ್ ಚೂರನ್ನು ನಾನು ನೇರ ಲೇತ್ ಅಂಗಡಿಗೇ ಒಯ್ಯುತ್ತೇನೆ.

ಒಳಗಿನ ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಇದೆ. ಸ್ಪ್ರಿಂಗ್ ಹಾಗೆ ಕಾಣುವ ಸ್ಟೀಲ್ ಸುರುಳಿ ಅದು. ಕಿಟ್ಟಿನಲ್ಲಿ ಕೊಟ್ಟ ಡ್ರಿಲ್ಲಿನಿಂದ ತೂತು ದೊಡ್ಡದು ಮಾಡಿ, ಎಂ6ಕ್ಕೆ ಸುಮಾರು 6.3 ಮಿ.ಮೀ. ಕಿಟ್ಟಿನ ಟ್ಯಾಪಿಗೆ ಗ್ರೀಸ್ ಮೆತ್ತಿ ಥ್ರೆಡ್ ಕೊರೆಯಿರಿ, ಲೋಹದ ಪುಡಿ ಗ್ರೀಸಿಗೆ ಅಂಟಿ ಹೊರಬರುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೇ ಹೋಗಿ. ಸುರುಳಿಯನ್ನು ತಿರುಗಿಸಿ ಮೇಲ್ಮೈಗಿಂತ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಕೂರಿಸಿ, ತಳದ ಚಿಕ್ಕ ನಾಲಿಗೆ ಮುರಿದು ಹೊರಗೆ ತೆಗೆಯಿರಿ. ಸರಿಯಾಗಿ ಹಾಕಿದ ಹೆಲಿಕಾಯಿಲ್ ಅಲ್ಯೂಮಿನಿಯಂನ ಮೂಲ ಥ್ರೆಡ್ಡಿಗಿಂತಲೂ ಗಟ್ಟಿ. ಸ್ಪಾರ್ಕ್ ಪ್ಲಗ್ ತೂತಿಗೆ ಮಾತ್ರ ನೀವೇ ಹಾಕಲು ಹೋಗಬೇಡಿ, ಪುಡಿ ಸಿಲಿಂಡರ್ ಒಳಗೆ ಬೀಳುತ್ತದೆ.

ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟ್ ಬೋಲ್ಟುಗಳು ಅತಿ ಬಿಗಿಯಾಗಿ ಮೆತ್ತಗಾದವು ಅನಿಸಿದರೆ ಮತ್ತೆ ಬಳಸಬೇಡಿ. ಹೊಸದು ಹಾಕಿಸಿ, ಕೂರುವ ಥ್ರೆಡ್ಡನ್ನು ಮೆಕಾನಿಕ್ ಕೈಯಲ್ಲಿ ನೋಡಿಸಿ. ಹೆಡ್ ಬೋಲ್ಟುಗಳದ್ದು ಬೇರೆಯೇ ಕತೆ. ಈಗಿನ ಹಲವು ಎಂಜಿನ್‌ಗಳಲ್ಲಿ ಅವನ್ನು ಬೇಕೆಂದೇ ಹಿಗ್ಗುವವರೆಗೆ, ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿ ಮಾಡುತ್ತಾರೆ. ಅಂಥವು ಹೆಚ್ಚಾಗಿ ಒಂದು ಸಲಕ್ಕೆ ಮಾತ್ರ.

ಟೈರ್ ಅಂಗಡಿಯಿಂದ ಬಂದ ಸಂಜೆ

ಟೈರ್ ಅಂಗಡಿಗೆ ಹೋದಾಗ ನಾನು ಈಗ ಮೊದಲೇ ಹೇಳಿಬಿಡುತ್ತೇನೆ: ‘ಗನ್ನಲ್ಲಿ ಸುಮ್ನೆ ಕೂರಿಸಿ ಅಣ್ಣಾ, ಬಿಗಿ ಕೈಯಲ್ಲಿ ಮಾಡಿ.’ ಬೇಜಾರು ಮಾಡಿಕೊಂಡವರು ಕಮ್ಮಿ. ಆದರೂ ಅವತ್ತು ಸಂಜೆಯೇ ಮನೆ ಮುಂದೆ ಚಕ್ರ ನೆಲದ ಮೇಲಿರುವಾಗಲೇ ಒಂದೊಂದು ನಟ್ಟನ್ನೂ ಪಾನದಲ್ಲಿ ಕಾಲು ಸುತ್ತು ಸಡಿಲಿಸಿ, ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡುತ್ತೇನೆ. ಸಡಿಲಿಸದೆ ಬರೀ ರೆಂಚ್ ಇಟ್ಟು ನೋಡಿದರೆ ಪ್ರಯೋಜನ ಇಲ್ಲ. 200ಕ್ಕೆ ಬಿಗಿಯಾಗಿರುವ ನಟ್ಟೂ 85ಕ್ಕೆ ಟಕ್ ಅನ್ನುತ್ತದೆ, ಎಲ್ಲ ಸರಿ ಇದೆ ಅನಿಸಿಬಿಡುತ್ತದೆ.

50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ, ಈ ಸಲ ಸಡಿಲಿಸದೆ, ಯಾವ ನಟ್ಟಾದರೂ ಸಡಿಲಾಗಿದೆಯಾ ಅಂತ ರೆಂಚ್ ಇಟ್ಟು ನೋಡುತ್ತೇನೆ. ಹದಿನಾರು ನಟ್, ಹತ್ತು ನಿಮಿಷ. ಮಗಳು ಪಕ್ಕದಲ್ಲಿ ಕೂತು ಟಕ್ ಎಣಿಸುತ್ತಾಳೆ. ಘಾಟಿ ದಾರಿಗೆ ಹೊರಡುವ ಮುಂಚೆ, ಡಿಕ್ಕಿಯಲ್ಲಿರುವ ಪಾನದಿಂದ ಒಂದು ನಟ್ ಅವಳಮ್ಮನ ಕೈಯಲ್ಲೇ ಬಿಚ್ಚಿಸಿ, ವಾಪಸ್ ಹಾಕಿಸಿ, ರೆಂಚಿನಲ್ಲಿ ಒಂದು ಟಕ್ ಅನ್ನಿಸುತ್ತೇವೆ.